ಬೊಂಡ ಕೊಯ್ದ ಕೋಲು

ಕಳೆದ ಡಿಸೆಂಬರಿನ ಒಂದು ಶನಿವಾರ ಸಂಜೆ, ಕುಲಶೇಖರದ ನಮ್ಮ ಬಾಡಿಗೆ ಮನೆಯ ಹಿತ್ತಲಿನಲ್ಲಿ ನನ್ನ ಸೋದರಮಾವ ಒಂದು ಗೊನೆ ಬೊಂಡ ಕೊಯ್ದರು. ಎಳನೀರಿಗೆ ನಮ್ಮಲ್ಲಿ ಬೊಂಡ ಎನ್ನುತ್ತೇವೆ. ಕೊಯ್ಯಲು ಅವರು ಬಳಸಿದ್ದು ನನ್ನ ತಮ್ಮನ ಪೋಲ್‌ವಾಲ್ಟ್ ಕೋಲನ್ನು. ಮರುದಿನ ಮಧ್ಯಾಹ್ನ ಅದೇ ಕೋಲು ಹಿಡಿದು ತಮ್ಮ ಹಾರಬೇಕಿತ್ತು. ಕೋಲಿಗೆ ಏನಾಗಿದೆ ಎಂಬುದು ಆ ಸಂಜೆ ಯಾರಿಗೂ ಗೊತ್ತಿರಲಿಲ್ಲ. ಮಾವನಿಗೂ ಗೊತ್ತಿರಲಿಲ್ಲ.

ಬೊಂಡ ಕೊಯ್ದದ್ದನ್ನು ನಾನು ಕಣ್ಣಾರೆ ನೋಡಿಲ್ಲ. ಆ ಹೊತ್ತಿಗೆ ಕೊಡಿಯಾಲ್‌ಬೈಲಿನ ಕಚೇರಿಯಲ್ಲಿ, ಪತ್ರಿಕೆಯ ಸುದ್ದಿ ಮೇಜಿನಲ್ಲಿ ಪಾಳಿಯಲ್ಲಿದ್ದೆ. ಆ ಸಂಜೆಯ ಬಗ್ಗೆ ಇಲ್ಲಿ ಬರೆದಿರುವುದೆಲ್ಲ ಮಾವ ಮರುದಿನ ತಾವಾಗಿಯೇ ಹೇಳಿದ್ದು. ಭಾನುವಾರದ್ದನ್ನು ನಾನೇ ನೋಡಿದ್ದೇನೆ. ಮನೆಯಲ್ಲಿ ನಾವು ಆಡುವುದು ತುಳು. ಬರೆಯುವಾಗ ಮಾತು ಕನ್ನಡಕ್ಕೆ ಬಂದಿದೆ.

ನನ್ನ ತಮ್ಮ ಡೆಕಾಥ್ಲಾನ್ ಸ್ಪರ್ಧಿ. ಎರಡು ದಿನ, ಹತ್ತು ಸ್ಪರ್ಧೆ. ಮೊದಲ ದಿನ ನೂರು ಮೀಟರ್ ಓಟ, ಲಾಂಗ್ ಜಂಪ್, ಶಾಟ್‌ಪಟ್, ಹೈಜಂಪ್, ನಾನ್ನೂರು ಮೀಟರ್. ಎರಡನೇ ದಿನ ಹರ್ಡಲ್ಸ್, ಡಿಸ್ಕಸ್, ಪೋಲ್‌ವಾಲ್ಟ್, ಜಾವೆಲಿನ್, ಕೊನೆಗೆ ಸಾವಿರದ ಐನೂರು ಮೀಟರ್. ಪ್ರತಿಯೊಂದಕ್ಕೂ ಅಂಕ, ಹತ್ತನ್ನೂ ಕೂಡಿಸಿದರೆ ಮೊತ್ತ. ಪತ್ರಿಕೆಯಲ್ಲಿ ಇದಕ್ಕೆ ಸಿಗುವ ಜಾಗ ಒಂದು ಸಾಲು, ಮೊದಲ ಮೂವರ ಹೆಸರು. ಪುಟ ತುಂಬಿದರೆ ಮೊದಲು ತೆಗೆಯುವುದೂ ಆ ಸಾಲನ್ನೇ. ನಾನೇ ತೆಗೆದಿದ್ದೇನೆ.

ಇದರಲ್ಲಿ ಒಂದು ನಿಯಮ ಉಂಟು. ಹತ್ತರಲ್ಲಿ ಒಂದನ್ನು ಆರಂಭಿಸದೇ ಬಿಟ್ಟರೂ ಮುಂದಿನದಕ್ಕೆ ಬಿಡುವುದಿಲ್ಲ. ಸ್ಪರ್ಧೆ ತೊರೆದ ಹಾಗೆ ಲೆಕ್ಕ. ಆದರೆ ಆರಂಭಿಸಿ, ಪ್ರಯತ್ನಿಸಿ, ಏನೂ ಆಗದಿದ್ದರೆ ಸೊನ್ನೆ ಸಿಗುತ್ತದೆ. ಸೊನ್ನೆ ಹೊತ್ತುಕೊಂಡು ಮುಂದುವರಿಯಬಹುದು.

ತಮ್ಮ ಅದಕ್ಕೂ ಮೊದಲು ಎರಡು ಸಲ ಡೆಕಾಥ್ಲಾನ್‌ಗೆ ಇಳಿದಿದ್ದ. ಎರಡನ್ನೂ ಮುಗಿಸಿರಲಿಲ್ಲ. ಮೊದಲ ಸಲ ನಾನ್ನೂರು ಮೀಟರಿನ ಕೊನೆಯ ತಿರುವಿನಲ್ಲಿ ತೊಡೆಯ ಸ್ನಾಯು ಹಿಡಿದು ಬಿದ್ದ. ಎರಡನೇ ಸಲ ಪೋಲ್‌ವಾಲ್ಟ್‌ನಲ್ಲಿ ಮೂರೂ ಪ್ರಯತ್ನ ತಪ್ಪಿ ಸೊನ್ನೆ ಬಂತು. ಇನ್ನು ಓಡಿ ಎಂತ ಪ್ರಯೋಜನ ಎಂದು ಚೀಲ ಕಟ್ಟಿ ಬಸ್ ಹತ್ತಿ ಮನೆಗೆ ಬಂದ. ಎರಡು ಸಲವೂ ಫಲಿತಾಂಶದ ಹಾಳೆಯಲ್ಲಿ ಅವನ ಹೆಸರಿನ ಮುಂದೆ ಅಂಕ ಇರಲಿಲ್ಲ, ಡಿಎನ್‌ಎಫ್ ಎಂಬ ಮೂರು ಅಕ್ಷರ ಇತ್ತು. ಪೂರ್ತಿಗೊಳಿಸಲಿಲ್ಲ ಎಂದು ಅರ್ಥ.

ಅವನು ಖಾಸಗಿ ಶಾಲೆಯೊಂದರಲ್ಲಿ ದೈಹಿಕ ಶಿಕ್ಷಕ. ಬೆಳಿಗ್ಗೆ ಶಾಲೆಗೆ ಮುಂಚೆ, ಸಂಜೆ ಶಾಲೆಯ ನಂತರ ಅಭ್ಯಾಸ. ಮಾವನಿಗೆ ತೊಕ್ಕೊಟ್ಟಿನಲ್ಲಿ ಹೋಟೆಲ್ ಉಂಟು, ಬಸ್ ನಿಲ್ಲುವ ಜಾಗದಲ್ಲೇ, ಇಡೀ ದಿನ ಜನ. ನಮ್ಮ ಕಡೆ ಮಾವನ ನಂತರ ಆಸ್ತಿಗೆ ಅಳಿಯ, ಅಂದರೆ ಸೋದರಿಯ ಮಗ, ಎಂಬುದು ಹಳೆಯ ಪದ್ಧತಿ. ಕಾನೂನು ಬದಲಾಗಿ ಬಹಳ ಕಾಲವಾಯಿತು. ಮಾವನ ಪಾಲಿಗೆ ಬದಲಾಗಿರಲಿಲ್ಲ. ಸ್ವಂತ ಮಗಳಿದ್ದರೂ ಹೋಟೆಲು ನೋಡಿಕೊಳ್ಳಬೇಕಾದವನು ನನ್ನ ತಮ್ಮ ಎಂದು ಅವರು ಯಾವತ್ತೋ ನಿರ್ಧರಿಸಿಬಿಟ್ಟಿದ್ದರು.

ದಸರಾ ರಜೆಯಲ್ಲಿ ಮನೆಗೆ ಬಂದಾಗ ಊಟದ ಮೇಜಿನಲ್ಲಿ ಮಾತು ತೆಗೆದರು.

“ಎಷ್ಟು ವರ್ಷ ಮಾರಾಯ ಈ ಹಾರುದು, ಬಿಸಾಡುದು? ಬೇರೆಯವರು ಒಂದೊಂದರಲ್ಲಿ ಮೆಡಲ್ ತರ್ತಾರೆ. ನೀನು ಹತ್ತರಲ್ಲಿ ಹೋಗಿ ಬರಿಗೈಯಲ್ಲಿ ಬರ್ತಿ.”

“ಒಂದು ಸಲ ಪೂರ್ತಿ ಮುಗಿಸ್ಬೇಕು ಮಾವ.”

“ಮುಗಿಸದಿದ್ರೆ?”

“ಎಪ್ರಿಲಿಂದ ನಿಮ್ಮ ಕ್ಯಾಶಿನಲ್ಲಿ ಕೂತ್ಕೊಳ್ತೇನೆ.”

“ಮುಗಿಸಿದ್ರೆ?”

“ಮತ್ತೆ ನೀವು ಈ ಮಾತು ತೆಗೀಬಾರದು.”

“ಆಯ್ತು,” ಎಂದರು ಮಾವ. ಅಮ್ಮನ ಕಡೆ ತಿರುಗಿ, “ನೀನು ಕೇಳಿದ್ದೀಯಲ್ಲ?” ಎಂದರು. ಅಮ್ಮ ಸಾರಿನ ಪಾತ್ರೆ ಎತ್ತಿಕೊಂಡು, “ನಿಮ್ಮ ಪಂಚಾತಿಕೆಗೆ ನನ್ನನ್ನು ಯಾಕೆ ಎಳೀತೀರಿ” ಎಂದು ಒಳಗೆ ಹೋದರು. ಒಪ್ಪಂದ ಅಷ್ಟೆ. ಡಿಸೆಂಬರಿನ ಕ್ರೀಡಾಕೂಟ ನಮ್ಮ ಊರಿನಲ್ಲೇ ಇತ್ತು. ಎಪ್ರಿಲಿನ ಒಳಗೆ ಅವನಿಗೆ ಸಿಗುವುದು ಅದೊಂದೇ.

ಕೋಲಿನ ವಿಷಯ ಇಲ್ಲಿ ಹೇಳಬೇಕು. ಪೋಲ್‌ವಾಲ್ಟ್ ಕೋಲು ಫೈಬರ್‌ಗ್ಲಾಸಿನದ್ದು, ಒಳಗೆ ಪೊಳ್ಳು, ನಾಲ್ಕು ಮೀಟರಿಗಿಂತ ಉದ್ದ. ಹಾರುವವನ ತೂಕಕ್ಕೆ ತಕ್ಕ ಕೋಲು ಬೇಕು. ಮೆದುವಾದರೆ ಮುರಿಯುತ್ತದೆ, ಗಟ್ಟಿಯಾದರೆ ಬಾಗುವುದಿಲ್ಲ, ಬಾಗದಿದ್ದರೆ ಮೇಲಕ್ಕೆ ಎಸೆಯುವುದಿಲ್ಲ. ತಮ್ಮನದ್ದು ಒಬ್ಬ ಹಿರಿಯ ಆಟಗಾರ ಬಳಸಿ ಬಿಟ್ಟ ಕೋಲು, ಬಸ್ಸಿನ ಮೇಲೆ ಕಟ್ಟಿಸಿಕೊಂಡು ತಂದದ್ದು. ಅಮ್ಮ ಹಳೆ ಬೆಡ್‌ಶೀಟಿನಿಂದ ಅದಕ್ಕೊಂದು ಚೀಲ ಹೊಲಿದುಕೊಟ್ಟರು. ಮನೆಯೊಳಗೆ ಹಿಡಿಸದ ಕಾರಣ ಹಿತ್ತಲಿನ ಮಾಡಿನ ಕೆಳಗೆ, ಗೋಡೆಗೆ ಎರಡು ಮೊಳೆ ಹೊಡೆದು ಅಡ್ಡಲಾಗಿ ಇಟ್ಟಿದ್ದ.

ಆ ಕೋಲನ್ನು ಯಾರೂ ಪೋಲ್‌ವಾಲ್ಟ್ ಕೋಲು ಎಂದು ನೋಡಿದವರಿಲ್ಲ. ನಮ್ಮ ಕಡೆ ತೋಟ ಇರುವವರ ಮನೆಯಲ್ಲೆಲ್ಲ ಈಗ ಫೈಬರ್ ದೋಟಿ ಬಂದಿದೆ. ದೋಟಿ ಎಂದರೆ ತುದಿಗೆ ಕತ್ತಿ ಕಟ್ಟಿ, ನೆಲದಲ್ಲೇ ನಿಂತು ಕಾಯಿ ಕೊಯ್ಯುವ ಉದ್ದದ ಕೋಲು. ಮೊದಲು ಬಿದಿರಿನದ್ದು ಇತ್ತು. ತಮ್ಮ ಕೋಲು ಹೊತ್ತು ಹೋಗುವಾಗ ರಿಕ್ಷಾ ಪಾರ್ಕಿನವರು ಕೇಳುತ್ತಿದ್ದರು: “ಎಂತ, ದೋಟಿಯಾ? ಎಷ್ಟು ಎತ್ತರ ಹೋಗ್ತದೆ?” ಅವನು “ನಾನೇ ಹೋಗುದು” ಎನ್ನುತ್ತಿದ್ದ. ಕೇಳಿದವರು ನಗುತ್ತಿದ್ದರು. ಒಬ್ಬರು ಹಲಸಿನಕಾಯಿ ಇಳಿಸಿಕೊಡಲು ಅವನನ್ನು ಮನೆಗೆ ಕರೆದು ದಿನ ಗೊತ್ತುಮಾಡುವುದಕ್ಕೂ ನೋಡಿದ್ದರು.

ಶನಿವಾರದ ಐದು ಸ್ಪರ್ಧೆಗಳಲ್ಲಿ ಮೊದಲ ನಾಲ್ಕರಲ್ಲಿ ತೊಂದರೆ ಕೊಟ್ಟದ್ದು ಲಾಂಗ್ ಜಂಪ್ ಒಂದೇ. ಅದರಲ್ಲಿ ಇರುವುದೇ ಮೂರು ಅವಕಾಶ. ಮೊದಲ ಎರಡರಲ್ಲಿ ಹಲಗೆ ದಾಟಿ ತುಳಿದು ಫೌಲ್ ಆಯಿತು. ಮೂರನೆಯದಕ್ಕೆ ಅವನು ಹಲಗೆಗಿಂತ ಒಂದು ಹೆಜ್ಜೆ ಹಿಂದಿನಿಂದಲೇ ಹಾರಿದ. ಅಷ್ಟು ದೂರ ಸುಮ್ಮನೆ ಬಿಟ್ಟುಕೊಟ್ಟ ಹಾಗಾಯಿತು, ಆದರೆ ಅಂಕ ಬಂತು. ನಾನ್ನೂರು ಮೀಟರಿನಲ್ಲಿ ಹಳೆಯ ತಿರುವು ಬಂದಾಗ ತೊಡೆ ಹಿಡಿಯಲಿಲ್ಲ. ಮುಗಿಸಿ ಹುಲ್ಲಿನ ಮೇಲೆ ಬಹಳ ಹೊತ್ತು ಮಲಗಿದ್ದನಂತೆ. ಮನೆಗೆ ಬಂದು ಬಿಸಿನೀರು ಸ್ನಾನ ಮಾಡಿ, ಅನ್ನ ಉಂಡು, ಬೆಳಕು ಇರುವಾಗಲೇ ನಿದ್ದೆ ಹೋದ.

ಮಾವ ಬಂದದ್ದು ಅವನು ಮಲಗಿದ ಮೇಲೆ. ಭಾನುವಾರದ ಸ್ಪರ್ಧೆ ನೋಡಲು ನಮ್ಮಲ್ಲೇ ಉಳಿಯುವುದೆಂದು ಹೋಟೆಲನ್ನು ಮೇಸ್ತ್ರಿಗೆ ಒಪ್ಪಿಸಿ ಬಂದಿದ್ದರು. ಹಿತ್ತಲಿಗೆ ಹೋದಾಗ ಗಿಡ್ಡ ತೆಂಗಿನ ಮರದಲ್ಲಿ ಗೊನೆ ಕಂಡಿತು. ಬಿಸಿಲಿನಲ್ಲಿ ಓಡುವ ಹುಡುಗ, ಅಂಗಡಿಯ ಬಣ್ಣದ ನೀರು ಯಾಕೆ ಕುಡಿಯಬೇಕು ಎನಿಸಿತು. ಪಕ್ಕದಲ್ಲೇ ದೋಟಿ ಇತ್ತು. ಕತ್ತಿಯನ್ನು ಹುರಿಹಗ್ಗದಿಂದ ಬಿಗಿದು ಕಟ್ಟಿದರು, ಬೊಂಡ ಕೊಯ್ದರು, ಹಗ್ಗ ಬಿಚ್ಚಿ ಕೋಲನ್ನು ಒರೆಸಿ ಚೀಲಕ್ಕೆ ಹಾಕಿ ಮೊಳೆಯ ಮೇಲೆ ಇಟ್ಟರು. ಚೀಲದ ದಾರಕ್ಕೆ ಮೊದಲಿದ್ದ ಹಾಗೆಯೇ ಗಂಟು ಹಾಕಿದರು. ಭಾನುವಾರ ಬೆಳಕು ಹರಿಯುವ ಮೊದಲು ತಮ್ಮ ಚೀಲಸಮೇತ ಕೋಲನ್ನು ಗೆಳೆಯನ ಟೆಂಪೋದ ಮೇಲೆ ಕಟ್ಟಿ, ತುದಿಗೆ ಕೆಂಪು ಬಟ್ಟೆ ಸಿಕ್ಕಿಸಿ ಕ್ರೀಡಾಂಗಣಕ್ಕೆ ಹೋದ.

ನಾನು ಮತ್ತು ಮಾವ ತಲಪುವಾಗ ಹರ್ಡಲ್ಸ್, ಡಿಸ್ಕಸ್ ಎರಡೂ ಮುಗಿದಿತ್ತು. ಒಂದು ಹರ್ಡಲ್ ಬಡಿದು ತಮ್ಮನ ಮೊಣಕಾಲಿನ ಕೆಳಗೆ ಚರ್ಮ ಸುಲಿದಿತ್ತು, ಅದಕ್ಕೆ ಔಷಧ ಹಚ್ಚಿಕೊಂಡು ಗ್ಯಾಲರಿಯ ನೆರಳಿನಲ್ಲಿ ಕೂತಿದ್ದ. ಅವನ ಪಕ್ಕದಲ್ಲಿ ವಿಜಯಪುರದ ಕಡೆಯ ಒಬ್ಬ ಸ್ಪರ್ಧಿ ಇದ್ದ, ಪೊಲೀಸ್ ಕೆಲಸದವನು, ತಮ್ಮನಿಗಿಂತ ಎತ್ತರ, ಭುಜ ಅಗಲ. ಇಬ್ಬರೂ ಒಂದೇ ಟವೆಲಿನ ಮೇಲೆ ಕಾಲು ಚಾಚಿದ್ದರು. ಡೆಕಾಥ್ಲಾನಿನವರು ಎರಡು ದಿನ ಹೀಗೆ ಒಟ್ಟಿಗೇ ಕೂರುತ್ತಾರೆ, ಒಟ್ಟಿಗೇ ಕಾಯುತ್ತಾರೆ.

ಮಾವ ಬುಟ್ಟಿ ಇಳಿಸಿ ಬೊಂಡ ಕೆತ್ತಿ ಇಬ್ಬರಿಗೂ ಕೊಟ್ಟರು.

“ಕುಡಿ. ಮನೆಯದ್ದೇ. ನಿನ್ನೆ ಕೊಯ್ದದ್ದು.”

“ಮರ ಹತ್ತಿದ್ರಾ ಮಾವ, ಈ ವಯಸ್ಸಲ್ಲಿ?”

“ಯಾಕೆ ಹತ್ತುದು? ನಿನ್ನ ದೋಟಿ ಉಂಟಲ್ಲ. ಒಳ್ಳೇ ಹಗುರ ಉಂಟು ಮಾರಾಯ. ಸ್ವಲ್ಪ ಬಾಗ್ತದೆ, ಅದೊಂದೇ.”

ತಮ್ಮ ಬೊಂಡವನ್ನು ಬಾಯಿಂದ ತೆಗೆದ. ಎದ್ದು ಹೋಗಿ ಚೀಲದ ಗಂಟು ಬಿಚ್ಚಿ ಕೋಲನ್ನು ಹೊರಗೆ ಎಳೆದ. ತುದಿಯಲ್ಲಿ ಹಗ್ಗ ಉಜ್ಜಿದ ಗುರುತು, ಕತ್ತಿ ತಾಗಿದ ಗೀರು ಇತ್ತು. ಅದರ ಮೇಲೆ ಬೆರಳಾಡಿಸಿ ಬಿಟ್ಟ. ಆಮೇಲೆ ಕಣ್ಣು ಮುಚ್ಚಿ ಕೋಲಿನ ಉದ್ದಕ್ಕೂ ಹೆಬ್ಬೆರಳು ಒತ್ತುತ್ತಾ ಬಂದ. ನಡುವಿನಲ್ಲಿ ಬೆರಳು ನಿಂತಿತು. ಅಲ್ಲಿ ಉಗುರಿನಷ್ಟಗಲ ಒಂದು ಬಿಳಿ ಕಲೆ, ಅದರ ಸುತ್ತ ಕೂದಲಿನಂಥ ಗೆರೆಗಳು.

“ಮಾವ, ಇದನ್ನು ಎಲ್ಲಿಗಾದರೂ ಹೊಡೆದ್ರಾ?”

“ಇಲ್ಲಪ್ಪ. ಗೊನೆ ಕಡಿಯುವಾಗ ಒಮ್ಮೆ ಕೈ ಜಾರಿತು. ಒಗೆಯುವ ಕಲ್ಲಿನ ಮೇಲೆ ಬಿತ್ತು. ಎಂತ ಆಗ್ಲಿಲ್ಲ, ನಾನು ನೋಡಿದೆ. ದೋಟಿ ಬಿದ್ರೆ ಎಂತ ಆಗ್ತದೆ?”

ವಿಜಯಪುರದವನು ಕೋಲನ್ನು ಕೈಗೆ ತೆಗೆದುಕೊಂಡು ಬೆಳಕಿಗೆ ತಿರುಗಿಸಿ ನೋಡಿದ. “ಇದರ ಕತಿ ಮುಗೀತ್ರಿ,” ಎಂದ. “ಇದರ ಮ್ಯಾಲ ಹಾರಬ್ಯಾಡ್ರಿ. ಬಾಗೂ ಜಾಗಾದಾಗನ ಪೆಟ್ಟು ಬಿದ್ದೈತಿ. ನಡು ಹಾದ್ಯಾಗ ಮುರದ್ರ ಮಾರಿ ಉಳಿಯಂಗಿಲ್ಲ.”

ಮಾವ ನನ್ನ ಮುಖ ನೋಡಿದರು. ನಾನು ಒಪ್ಪಂದದ ಮಾತು ಎತ್ತಲಿಲ್ಲ. ಎತ್ತಿದ್ದು ಅವರೇ. “ನಾನು ಬೇಕೂಂತ ಮಾಡಿದ್ದಲ್ಲ,” ಎಂದರು. “ಹೋಟ್ಲಿಗೆ ಕರ್ಕೊಂಡು ಹೋಗ್ಲಿಕ್ಕೆ ಮಾಡಿದ್ದಲ್ಲ ಇದು.”

“ಗೊತ್ತುಂಟು ಮಾವ. ನೀವು ದೋಟಿ ಅಂತ ತಿಳ್ಕೊಂಡ್ರಿ.”

“ಹೌದು ಮಾರಾಯ, ದೋಟಿಯ ಹಾಗೇ ಉಂಟಲ್ಲ!”

ಕ್ರೀಡಾಂಗಣದ್ದೇ ಎಂದು ಒಂದು ಕೋಲು ಇತ್ತು. ಅದು ಕಡಿಮೆ ತೂಕದವರದ್ದು, ತಮ್ಮ ಹಿಡಿದು ನೋಡಿ ವಾಪಸ್ ಇಟ್ಟ. ಉಳಿದ ಸ್ಪರ್ಧಿಗಳು ಅವರವರ ಕೋಲು ಹಿಡಿದು ಹೆಜ್ಜೆ ಅಳೆಯಲು ಶುರುಮಾಡಿದ್ದರು. ಹಾರದಿದ್ದರೆ ಸ್ಪರ್ಧೆ ತೊರೆದ ಹಾಗೆ. ಅಂದರೆ ಮೂರನೇ ಡಿಎನ್‌ಎಫ್, ಎಪ್ರಿಲಿನಿಂದ ಕ್ಯಾಶ್.

“ನಂದ್ ತಗೋರಿ,” ಎಂದ ವಿಜಯಪುರದವನು.

“ನಿಮ್ಮದು ನನಗೆ ಗಟ್ಟಿ.”

“ಗಟ್ಟಿ ಐತಿ. ಬಾಗಂಗಿಲ್ಲ. ಕೈ ತಳಗ ಹಿಡೀರಿ, ಬಿದಿರಿನ ಗಳ ಹಿಡದ್ಹಂಗ. ಎಷ್ಟ ಆಗತೈತಿ ಅಷ್ಟ. ಸುಮ್ನ ಕುಂದರೂದಕಿಂತ ಚಲೋ ಅಲ್ಲೇನು?”

ಇನ್ನೊಬ್ಬರ ಕೋಲು ಬಳಸಲು ಮಾಲೀಕನ ಒಪ್ಪಿಗೆ ಬೇಕು. ತೀರ್ಪುಗಾರರು ಕೇಳಿದರು, ಅವನು ಕೈ ಎತ್ತಿ ಒಪ್ಪಿದ. ಅವನು ಆ ದಿನ ಮೊತ್ತದಲ್ಲಿ ತಮ್ಮನಿಗಿಂತ ಸ್ವಲ್ಪವೇ ಮುಂದಿದ್ದ.

ತಮ್ಮ ಅತ್ಯಂತ ಕಡಿಮೆ ಎತ್ತರದಲ್ಲೇ ಆರಂಭಿಸಿದ. ಮೊದಲ ಪ್ರಯತ್ನದಲ್ಲಿ ಕೋಲು ಬೀಳುವ ಹಾಸಿಗೆಯ ಮುಂದಿನ ಗುಳಿಯಲ್ಲಿ ಊರಿತು, ಆದರೆ ನೆಟ್ಟಗೆ ನಿಲ್ಲಲಿಲ್ಲ. ಅವನನ್ನು ಓಡಿಬಂದ ದಾರಿಗೇ ಹಿಂದಕ್ಕೆ ಎಸೆಯಿತು. ಕಾಲಿನ ಮೇಲೆಯೇ ಬಿದ್ದ. ಕೆಂಪು ಬಾವುಟ ಎದ್ದಿತು. ವಿಜಯಪುರದವನು ಬಂದು ಕೋಲಿನ ಮೇಲೆ ಇನ್ನೂ ಕೆಳಗೆ ಟೇಪ್ ಸುತ್ತಿ ಹಿಡಿಯುವ ಜಾಗ ತೋರಿಸಿದ. ಎರಡನೇ ಪ್ರಯತ್ನದಲ್ಲಿ ಹಾಸಿಗೆ ತಲಪಿದ, ಅಡ್ಡಪಟ್ಟಿ ಜೊತೆಗೇ ಬಂತು. ಮಾವ ಎದ್ದು ನಿಂತು ಗ್ಯಾಲರಿಯ ಕಂಬಿ ಹಿಡಿದಿದ್ದರು. ಪಕ್ಕದಲ್ಲಿದ್ದ ಒಬ್ಬ, “ಯಾಕೆ ಇವ ಕೋಲನ್ನು ಬಗ್ಗಿಸುದೇ ಇಲ್ಲ?” ಎಂದು ಕೇಳಿದ. “ಅದು ಅವನದ್ದಲ್ಲ ಮಾರಾಯ!” ಎಂದು ಮಾವ ಗದರಿಸಿದರು.

ಮೂರನೇ ಪ್ರಯತ್ನದಲ್ಲಿ ಕಾಲು, ಸೊಂಟ ಎರಡೂ ಪಟ್ಟಿಯ ಆಚೆ ಹೋದವು. ಇಳಿಯುವಾಗ ಎದೆ ತಾಗಿತು. ಪಟ್ಟಿ ಒಂದು ಕ್ಷಣ ಅಲುಗಾಡಿ ಕೆಳಗೆ ಬಿತ್ತು. ಕೆಂಪು ಬಾವುಟ. ಪೋಲ್‌ವಾಲ್ಟ್‌ನಲ್ಲಿ ಸೊನ್ನೆ.

ತಮ್ಮ ಹಾಸಿಗೆಯಿಂದ ಇಳಿದು ಬಂದು ಕೋಲನ್ನು ಅಂಗಿಯಿಂದ ಒರೆಸಿದ, ತನಗಾಗಿ ಸುತ್ತಿದ್ದ ಟೇಪು ಬಿಚ್ಚಿದ, ಮಾಲೀಕನ ಕೈಗೆ ಕೊಟ್ಟ. ಅದೇ ಕೋಲಿನಲ್ಲಿ ವಿಜಯಪುರದವನು ಹಾರಿದ. ಹಾರುವ ಪ್ರತಿ ಸಲವೂ ತಮ್ಮ ಅವನಿಗಾಗಿ ಗುಳಿಯ ಬಳಿ ನಿಂತು ಹೆಜ್ಜೆ ನೋಡಿ ಹೇಳಿದ. ನಾನೂ ಮಾವನೂ ಕೆಳಗಿಳಿದು ಬೇಲಿಯ ಹತ್ತಿರ ಹೋದೆವು. ಎರಡನೇ ಡೆಕಾಥ್ಲಾನಿನಲ್ಲಿ ಅವನು ಹೊರಟುಹೋದದ್ದು ಇದೇ ಹೊತ್ತಿಗೆ, ಇದೇ ಸೊನ್ನೆಗೆ. ಚೀಲದ ಜಿಪ್ ಎಳೆಯುತ್ತಿದ್ದವನನ್ನು ನೋಡಿ ಮಾವ ಮೆಲ್ಲಗೆ, “ಮನೆಗೆ ಹೋಗುದಾ ಮಾರಾಯ?” ಎಂದರು.

ತಮ್ಮ ಚೀಲದಿಂದ ಜಾವೆಲಿನ್ ಬೂಟು ಹೊರಗೆ ತೆಗೆದ.

“ಅಕ್ಕ, ಗಂಟೆ ಎಷ್ಟಾಯ್ತು? ಜಾವೆಲಿನ್ ಕರೆದ್ರಾ?”

“ಇನ್ನೂ ಇಲ್ಲ.”

“ಒಂದು ಬೊಂಡ ಉಂಟಾ ಇನ್ನು?”

ಮಾವ ಬುಟ್ಟಿಗೆ ಕೈ ಹಾಕಿದರು. ಕೆತ್ತುವಾಗ ಕತ್ತಿ ಎರಡು ಸಲ ಜಾರಿತು. ತಮ್ಮ ನೋಡಿ, “ಕೈ ಜಾಗ್ರತೆ ಮಾವ, ನಿಮ್ಮ ಕೈ ಸ್ವಲ್ಪ ಜಾರುದು ಜಾಸ್ತಿ” ಎಂದ. ಆ ದಿನ ಮಾವ ಮೊದಲ ಸಲ ನಕ್ಕದ್ದು ಆಗ.

ಜಾವೆಲಿನ್ ಸಾಧಾರಣ ದೂರ ಹೋಯಿತು, ಅವನ ಅಭ್ಯಾಸದ ದೂರಕ್ಕಿಂತ ಕಡಿಮೆ. ಪೋಲ್‌ವಾಲ್ಟ್‌ನಲ್ಲಿ ಹಿಂದಕ್ಕೆ ಬಿದ್ದಾಗ ಪಾದ ಉಳುಕಿತ್ತು ಎಂದು ನಮಗೆ ಗೊತ್ತಾದದ್ದು ಅಲ್ಲಿ, ಎಸೆದ ಮೇಲೆ ಅವನು ಕುಂಟಿದಾಗ. ಬೂಟು ತೆಗೆದರೆ ಮತ್ತೆ ಹಾಕಲಾಗುವುದಿಲ್ಲ ಎಂದು ಲೇಸನ್ನು ಇನ್ನಷ್ಟು ಬಿಗಿದು ಕಟ್ಟಿಕೊಂಡ.

ಸಾವಿರದ ಐನೂರು ಮೀಟರ್ ಎಂದರೆ ಮೈದಾನಕ್ಕೆ ನಾಲ್ಕು ಸುತ್ತಿಗೆ ಸ್ವಲ್ಪ ಕಡಿಮೆ. ಬಿಸಿಲು ಇಳಿದಿತ್ತು, ಸೆಕೆ ಇಳಿದಿರಲಿಲ್ಲ. ಮೊದಲ ಸುತ್ತಿನಲ್ಲಿ ತಮ್ಮ ಗುಂಪಿನ ಜೊತೆಗೇ ಇದ್ದ. ಎರಡನೆಯದರಲ್ಲಿ ಹಿಂದೆ ಬಿದ್ದ. ಮೂರನೆಯದರಲ್ಲಿ ಒಬ್ಬ ಸ್ಪರ್ಧಿ ಹೊಟ್ಟೆ ಹಿಡಿದುಕೊಂಡು ಟ್ರ್ಯಾಕಿನಿಂದ ಹೊರಗೆ ಹೋಗಿ ಹುಲ್ಲಿನ ಮೇಲೆ ಕೂತ. ತಮ್ಮ ಅವನ ಪಕ್ಕದಿಂದಲೇ ಹಾದುಹೋದ, ಅತ್ತ ನೋಡಲಿಲ್ಲ. ಓಟ ಎನ್ನುವಂತಿರಲಿಲ್ಲ ಅದು. ಒಂದು ಕಾಲು ಊರುತ್ತಿತ್ತು, ಇನ್ನೊಂದು ಎಳೆಯುತ್ತಿತ್ತು.

ಮಾವ ಬೇಲಿಯ ಗುಂಟ ಅವನ ಜೊತೆಗೇ ನಡೆಯತೊಡಗಿದರು. ಮೊದಲು ನಡೆದರು, ಆಮೇಲೆ ಪಂಚೆ ಎತ್ತಿ ಕಟ್ಟಿ ಅರ್ಧ ಓಡಿದರು.

“ನಿಲ್ಲಿಸ್ಬೇಡ! ನಡಿ, ನಡಿ! ನಿಧಾನ ಆದ್ರೂ ಅಡ್ಡಿ ಇಲ್ಲ ಮಾರಾಯ, ನಿಲ್ಲಿಸ್ಬೇಡ!”

ಅವನ ಕೊನೆಯ ಸುತ್ತಿಗೆ ಗಂಟೆ ಬಾರಿಸಿದಾಗ ಉಳಿದವರೆಲ್ಲ ಮುಗಿಸಿ ಗೆರೆಯ ಆಚೆ ಬಿದ್ದುಕೊಂಡಿದ್ದರು. ತಮ್ಮ ಆ ಸುತ್ತನ್ನು ಒಬ್ಬನೇ ಓಡಿದ. ಗೆರೆ ದಾಟಿದ ಮೇಲೆ ವಿಜಯಪುರದವನು ಎದ್ದು ಬಂದು ಅವನ ಕಂಕುಳಿಗೆ ಕೈ ಕೊಟ್ಟು ನಿಲ್ಲಿಸಿದ. “ಆತಲ್ರೀ,” ಎಂದ. “ಈಗ ಬೂಟು ತಗೀರಿ.”

ಫಲಿತಾಂಶದ ಹಾಳೆಯನ್ನು ಗೋಡೆಗೆ ಅಂಟಿಸಿದಾಗ ನಾನೇ ಹೋಗಿ ಓದಿದೆ, ಎರಡು ಸಲ. ಎಂಟನೇ ಸಾಲಿನಲ್ಲಿ ತಮ್ಮನ ಹೆಸರು ಇತ್ತು. ಪೋಲ್‌ವಾಲ್ಟ್ ಕಾಲಮಿನಲ್ಲಿ ಸೊನ್ನೆ, ಕೊನೆಯಲ್ಲಿ ನಾಲ್ಕಂಕಿಯ ಮೊತ್ತ. ಅವನ ಕೆಳಗೆ ಎರಡು ಹೆಸರು, ಎರಡರ ಮುಂದೆಯೂ ಡಿಎನ್‌ಎಫ್.

ಟೆಂಪೋದಲ್ಲಿ ಮನೆಗೆ ಬರುವಾಗ ತಮ್ಮನ ಕಾಲು ಮಾವನ ಮಡಿಲಿನ ಮೇಲಿತ್ತು, ಅದರ ಮೇಲೆ ಐಸಿನ ಪೊಟ್ಟಣ. ಸ್ವಲ್ಪ ದೂರ ಬಂದ ಮೇಲೆ ಮಾವ ಗಂಟಲು ಸರಿಮಾಡಿಕೊಂಡರು.

“ಹಾಗಾದ್ರೂ ಅದರಲ್ಲಿ ಒಂದು ಸೊನ್ನೆ ಉಂಟಲ್ಲ.”

“ಉಂಟು.”

“ಹತ್ತರಲ್ಲಿ ಒಂದು ಸೊನ್ನೆ ಆದ್ರೆ ಒಂಬತ್ತು ಅಲ್ವಾ ಆಗುದು?”

“ಹತ್ತೂ ಮಾಡಿದೆ ಮಾವ. ಒಂದಕ್ಕೆ ಸೊನ್ನೆ ಸಿಕ್ಕಿತು.”

ಮಾವ ನನ್ನ ಕಡೆ ತಿರುಗಿದರು. “ನೀನು ಪೇಪರಿನವಳು ಮಾರಾಯ್ತಿ. ನೀನು ಹೇಳು. ಇದು ಮುಗಿಸಿದ್ದಾ, ಮುಗಿಸದ್ದಾ?”

“ಹಾಳೆಯಲ್ಲಿ ಮೊತ್ತ ಉಂಟು,” ಎಂದೆ. “ಮುಗಿಸಿದ್ದು.”

ಮಾವ ಐಸಿನ ಪೊಟ್ಟಣವನ್ನು ಸ್ವಲ್ಪ ಸರಿಸಿ ಇಟ್ಟರು. “ಆವು,” ಎಂದರು. ಆಗಲಿ ಎಂದು ಅರ್ಥ.

ಸೋಮವಾರದ ಪತ್ರಿಕೆಯಲ್ಲಿ ಡೆಕಾಥ್ಲಾನ್ ಫಲಿತಾಂಶ ಒಂದು ಸಾಲಿನಲ್ಲಿ ಬಂತು, ಮೊದಲ ಮೂವರ ಹೆಸರಿನೊಂದಿಗೆ. ಮಾವ ತೊಕ್ಕೊಟ್ಟಿನಿಂದ ಬೆಳಿಗ್ಗೆಯೇ ಫೋನ್ ಮಾಡಿದರು. “ಎಲ್ಲಿ ಇವನ ಹೆಸರು? ಇಡೀ ಪೇಪರ್ ಹುಡುಕಿದೆ. ಮತ್ತೆ ನೀನು ಅಲ್ಲಿ ಎಂತ ಮಾಡುದು?” ಎಂಟನೇ ಸ್ಥಾನಕ್ಕೆ ಹೆಸರು ಹಾಕುವುದಿಲ್ಲ ಎಂದು ಹೇಳಿದೆ. ಗೋಡೆಯ ಹಾಳೆಯ ಫೋಟೋ ಇದ್ದರೆ ಕಳಿಸು ಎಂದರು. ಕಳಿಸಿದೆ.

ಒಡೆದ ಕೋಲನ್ನು ಮಾವ ಜನವರಿಯಲ್ಲಿ ತೆಗೆದುಕೊಂಡು ಹೋದರು. ಅದು ಈಗ ಅವರ ಮನೆಯಲ್ಲಿದೆ, ತುದಿಗೆ ಕತ್ತಿ ಕಟ್ಟಿದೆ. ತಮ್ಮನ ಕಾಲು ಫೆಬ್ರವರಿಯಲ್ಲಿ ಸರಿಯಾಯಿತು. ಬೇರೆ ಕೋಲು ಸಿಕ್ಕಿದೆ, ಮುಂದಿನ ರಾಜ್ಯ ಕೂಟಕ್ಕೆ ಹೆಸರು ಕೊಟ್ಟಿದ್ದಾನೆ. ತೊಕ್ಕೊಟ್ಟಿನ ಹೋಟೆಲಿನ ಕ್ಯಾಶಿನಲ್ಲಿ ಎಪ್ರಿಲಿನಿಂದ ಮಾವನ ಮಗಳು ಕೂರುತ್ತಿದ್ದಾಳೆ.